ರಾಯಚೂರು ಬಿಸಿಲಿಗೆ ಬಾಯಾರಿದ ಫ್ಯುಯೆಲ್ ಸೆಲ್: ಗ್ಲೈಡರ್ ಲಾಗ್, ಭಾಗ 4

ಏಪ್ರಿಲ್ ಕೊನೆಯ ಶನಿವಾರ, ಸಂಜೆ 4 ಗಂಟೆ. ಮಾಳಿಗೆ ಮೇಲೆ ನೆರಳಲ್ಲೇ 41 ಡಿಗ್ರಿ. ಸ್ಟ್ಯಾಕ್ (ಒಂದರ ಮೇಲೊಂದು ಜೋಡಿಸಿದ ಫ್ಯುಯೆಲ್ ಸೆಲ್‌ಗಳ ಕಟ್ಟು) ಚಾಲೂ ಮಾಡಿ ಒಂಬತ್ತು ನಿಮಿಷಕ್ಕೆ ಕಂಟ್ರೋಲರ್ ಕುಂಯ್ ಎಂದು ತಾನೇ ಬಂದ್ ಮಾಡಿಬಿಟ್ಟಿತು. ಸೆಲ್ 65 ಡಿಗ್ರಿ ಮುಟ್ಟಿತ್ತು. ಅಷ್ಟರೊಳಗೆ ವೋಲ್ಟೇಜ್ 13ರಿಂದ 11ಕ್ಕೆ ಜಾರಿತ್ತು.

ಹೊಸದಾಗಿ ಓದುತ್ತಿರುವವರಿಗೆ: ರೆಕ್ಕೆ 2.4 ಮೀಟರ್ ಇರುವ ರೇಡಿಯೋ ಗ್ಲೈಡರ್ ಅನ್ನು ಹೈಡ್ರೋಜನ್‌ನಿಂದ ಕರೆಂಟು ಹುಟ್ಟಿಸುವ 100 ವ್ಯಾಟ್ ಫ್ಯುಯೆಲ್ ಸೆಲ್ ಮತ್ತು ಒಂದು ಸಣ್ಣ ಲಿಥಿಯಂ ಬ್ಯಾಟರಿ ಎರಡನ್ನೂ ಸೇರಿಸಿ ಹಾರಿಸಬೇಕು ಅನ್ನೋದು ನನ್ನ ಹುಚ್ಚು. ಮೇಲೇರುವಾಗ ಮೋಟಾರಿಗೆ 220 ವ್ಯಾಟ್ ಬೇಕು, ಅದೂ 40 ಸೆಕೆಂಡ್ ಮಾತ್ರ. ಮೇಲೆ ಹೋದ ಮೇಲೆ 45 ವ್ಯಾಟ್ ಸಾಕು. ಏರುವ ಭಾರ ಬ್ಯಾಟರಿಗೆ, ತೇಲುವ ಕೆಲಸ ಸೆಲ್‌ಗೆ, ಉಳಿದ ಕರೆಂಟು ಮರಳಿ ಬ್ಯಾಟರಿಗೆ.

ಕಳೆದ ತಿಂಗಳು ಎರಡನ್ನೂ ಬರೀ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ ಜೋಡಿಸಿದ್ದೆ. ಥ್ರಾಟಲ್ ಏರಿಸಿದ ಕೂಡಲೇ ಬ್ಯಾಟರಿ ವೋಲ್ಟೇಜ್ ಕುಸಿದು, ಲೋಡ್ ಪೂರಾ ಸೆಲ್ ಮೇಲೆ ಬಿತ್ತು. ಹೈಡ್ರೋಜನ್ ಗ್ಯಾಸ್ ಬರುವ ವೇಗಕ್ಕಿಂತ ಹೆಚ್ಚು ಕರೆಂಟು ಎಳೆದರೆ ಸೆಲ್ ಹಾಳಾಗುತ್ತದೆ. ಈಗ ನಡುವೆ ವೋಲ್ಟೇಜ್ ಹೊಂದಿಸುವ ಡಿಸಿ ಕನ್ವರ್ಟರ್ ಇದೆ, ಸೆಲ್‌ನಿಂದ 5 ಆಂಪಿಯರ್ ದಾಟದಂತೆ ಕಟ್ಟಿಹಾಕಿದ್ದೇನೆ. ಆ ಕಾಟ ತಪ್ಪಿತು.

ಬಿಸಿಲಿನ ಕಾಟ ಬೇರೆ ಜಾತಿಯದು. ಸೆಲ್ ಒಳಗಿನ ಪೊರೆ ಹಸಿ ಇದ್ದರಷ್ಟೇ ಪ್ರೋಟಾನ್ (ಎಲೆಕ್ಟ್ರಾನ್ ಕಳಚಿದ ಹೈಡ್ರೋಜನ್) ದಾಟಿಸುತ್ತದೆ. ಒಣಗಿತೋ, ರೆಸಿಸ್ಟೆನ್ಸ್ ಏರಿ ಇನ್ನಷ್ಟು ಕಾಯುತ್ತದೆ, ಕಾದು ಇನ್ನಷ್ಟು ಒಣಗುತ್ತದೆ. ಹೈಡ್ರೋಜನ್, ಆಮ್ಲಜನಕ ಸೇರಿ ಒಳಗೇ ನೀರು ಹುಟ್ಟುತ್ತದೆ ನಿಜ. ಆದರೆ ಆಮ್ಲಜನಕ ತರುವ ಫ್ಯಾನೂ ತಂಪು ಮಾಡುವ ಫ್ಯಾನೂ ಒಂದೇ. ಜೋರು ಮಾಡಿದರೆ ನಮ್ಮೂರ ಒಣಗಾಳಿ ಆ ನೀರನ್ನು ಹೊತ್ತೊಯ್ಯುತ್ತದೆ, ಸಣ್ಣದು ಮಾಡಿದರೆ ಬೇಯುತ್ತದೆ.

"ಮಾವಾ, ಕೂಲರ್ ಮುಂದ ಇಡೂನೇನ್ರಿ?" ಅಂದ ಅಕ್ಕನ ಮಗ. ನಕ್ಕೆ. ಆಮೇಲೆ ಕೆಳಗಿನಿಂದ ಕೂಲರ್ ಹೊತ್ತು ತಂದವನೂ ನಾನೇ. ಸೆಲ್ ಆರಾಮಾಗಿ ಓಡಿತು. ವಿಮಾನದಲ್ಲಿ ಕೂಲರ್ ಒಯ್ಯಲಾಗದು, ಅಷ್ಟೇ. ಮೇಲೆ ತಂಪು ಸಿಗುತ್ತದಲ್ಲ ಅನ್ನಬಹುದು. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಲೆಕ್ಕ. ನನ್ನದು ನೂರು ಮೀಟರ್ ಏರಿದರೆ ಹೆಚ್ಚು.

ಉಪಾಯ ಹೊಳೆದದ್ದು ಗ್ಯಾಸ್ ಡಬ್ಬಿಯಿಂದ. ಇದು ಮೆಟಲ್ ಹೈಡ್ರೈಡ್ ಡಬ್ಬಿ, ಲೋಹದ ಪುಡಿಯೇ ಹೈಡ್ರೋಜನ್ ಹೀರಿ ಇಟ್ಟುಕೊಳ್ಳುತ್ತದೆ. ತುಂಬುವಾಗ ಸುಡುತ್ತದೆ, ಅದಕ್ಕೇ ಹರವಿ ನೀರಲ್ಲಿ ಮುಳುಗಿಸಿ ತುಂಬುತ್ತೇನೆ. (ಅವ್ವ ನೋಡಿದ ಮೇಲೆ ಆ ಹರವಿ ನನಗೇ ಖಾಯಂ ಆಯಿತು.) ಬಿಡುವಾಗ ಉಲ್ಟಾ, ಸುತ್ತಲಿನ ಶಾಖ ಎಳೆದುಕೊಂಡು ತಣ್ಣಗಾಗುತ್ತದೆ. ಸೆಲ್ ಉಗುಳುವ ಶಾಖದಲ್ಲಿ ಲೆಕ್ಕಕ್ಕೆ ಕಾಲು ಭಾಗದಷ್ಟನ್ನು ಇದೇ ನುಂಗಬಲ್ಲದು. ಎರಡು ಡಬ್ಬಿಗಳನ್ನು ಫ್ಯಾನ್ ಬಾಯಿಗೆ ಅಡ್ಡ ಕಟ್ಟಿದೆ. ಭಾನುವಾರ ಅದೇ ಹೊತ್ತು, 40 ಡಿಗ್ರಿ. ಇಪ್ಪತ್ತು ನಿಮಿಷ ಓಡಿಯೂ ಸೆಲ್ 60 ದಾಟಲಿಲ್ಲ, ವೋಲ್ಟೇಜ್ 12.4ರಲ್ಲಿ ನಿಂತಿತು. ಡಬ್ಬಿ ಮುಟ್ಟಿದರೆ ಹರವಿ ಹೊರಮೈಯಷ್ಟು ತಂಪು. ಒಂದೇ ಸಲದ ಓಟ, ಇನ್ನೂ ಮೂರು ನಾಲ್ಕು ಸಲ ನೋಡದೆ ನಂಬುವುದಿಲ್ಲ.

ತೂಕದ ವಿಷಯ ಮುಚ್ಚಿಡಲಾರೆ. ಹೈಡ್ರೋಜನ್ ಕಿಲೋಗೆ 33 ಯೂನಿಟ್ ಶಕ್ತಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ 105 ಗ್ರಾಂ ಡಬ್ಬಿಯಲ್ಲಿ ಹಿಡಿಯುವುದು 10 ಲೀಟರ್, ಅಂದರೆ ಒಂದು ಗ್ರಾಂಗೂ ಕಮ್ಮಿ. ಸೆಲ್ ಮೂಲಕ ಕೈಗೆ ಬರುವುದು ಸುಮಾರು 12 ವ್ಯಾಟ್-ಅವರ್. ಅಷ್ಟನ್ನು 48 ಗ್ರಾಂನ ಒಂದು 18650 ಮಾದರಿಯ ಲಿಥಿಯಂ ಬ್ಯಾಟರಿ ಸೆಲ್ಲೇ ಕೊಡುತ್ತದೆ! ಸ್ಟ್ಯಾಕ್‌ನ ತೂಕ ಬೇರೆ. ಟ್ಯಾಂಕ್ ದೊಡ್ಡದಾದಾಗಲೇ ಈ ಲೆಕ್ಕ ತಿರುಗುವುದು. 2008ರಲ್ಲಿ ಬೋಯಿಂಗ್‌ನವರು ಸ್ಪೇನಿನ ಒಕಾನ್ಯಾದಲ್ಲಿ ಮೋಟಾರ್ ಗ್ಲೈಡರ್ ಹಾರಿಸಿದ್ದು ಇದೇ ಜೋಡಿಯಿಂದ: ಬ್ಯಾಟರಿ, ಸೆಲ್ ಕೂಡಿ 1000 ಮೀಟರ್ ಏರಿಸಿದವು, ಆಮೇಲೆ ಬರೀ ಸೆಲ್ ಮೇಲೆ 20 ನಿಮಿಷ, ಗಂಟೆಗೆ 100 ಕಿ.ಮೀ. 2023ರಲ್ಲಿ ಎಚ್‌ವೈ4 ಎಂಬ ಫ್ಯುಯೆಲ್ ಸೆಲ್ ವಿಮಾನ ದ್ರವ ಹೈಡ್ರೋಜನ್ ತುಂಬಿಕೊಂಡು ಮೂರು ಗಂಟೆಗೂ ಹೆಚ್ಚು ಹಾರಿತು.

ಈ ವಾರ ಗ್ಲೈಡರ್ ಮೂತಿ ಕೊರೆದು ಡಬ್ಬಿಗಳಿಗೆ ಜಾಗ ಮಾಡಬೇಕು. ಭಾರ ಮುಂದೆ ಬೀಳುವುದರಿಂದ ಬ್ಯಾಟರಿಯನ್ನು ರೆಕ್ಕೆಯ ಹಿಂದಕ್ಕೆ ಸರಿಸುವುದೂ ಇದೆ. ಹತ್ತಿ ಕಿತ್ತ ಹೊಲ ಇನ್ನೂ ಖಾಲಿ ಇದೆ, ಬೆಳಗ್ಗೆ ಆರಕ್ಕೆ ಗಾಳಿಯೂ ಸುಮ್ಮನಿರುತ್ತದೆ.