ಸ್ಟಂಪ್ಸ್ ಹಿಂದಿನಿಂದ ನೋಡಿದ ಲೆಗ್ ಸ್ಪಿನ್

ಮ್ಯಾಗಜೀನಿಗೆ ನೆನಪು ಬರ್ದುಕೊಡಿ ಅಂದಾಗ ನಂಗೆ ಬೇರೇನೂ ಹೊಳೀಲಿಲ್ಲ, ನಮ್ಮ ಪಿ.ಟಿ. ಸರ್ ಒಬ್ಬ ಲೆಗ್ ಸ್ಪಿನ್ನರ್‌ನ (ಮಣಿಕಟ್ಟಿಂದ ಬಾಲ್‌ನ ಬಲಗೈ ಬ್ಯಾಟ್ಸ್‌ಮನ್‌ನ ಕಾಲಿನ ಕಡೆಯಿಂದ, ಅಂದ್ರೆ ಲೆಗ್ ಸೈಡಿಂದ, ಆಚೆ ಆಫ್ ಕಡೆಗೆ ತಿರುಗಿಸೋ ಬೌಲರ್) ತಿದ್ದಿದ ರೀತಿನೇ ಕಣ್ಮುಂದೆ ಬಂತು. ಟೀಮಿಗೆ ನಾನು ಕೀಪರ್, ಹಾಗಾಗಿ ಅದೆಲ್ಲಾ ಸ್ಟಂಪ್ಸ್ ಹಿಂದೆ ಕೂತು ನೋಡೋ ಭಾಗ್ಯ ನಂದಾಗಿತ್ತು.

ನಮ್ಮ ಕ್ಲಾಸಿನ ಆ ಹುಡುಗನ ಕೈಯಲ್ಲಿ ಸ್ಪಿನ್ ಇತ್ತು, ಆದ್ರೆ ಒಂದು ಬಾಲ್ ಶಾರ್ಟ್ ಬಿದ್ರೆ ಇನ್ನೊಂದು ಫುಲ್‌ಟಾಸ್. ಬೇರೆ ಯಾರಾದ್ರೂ ಆಗಿದ್ರೆ ಸ್ಪಿನ್ ಕಮ್ಮಿ ಮಾಡ್ಕೊಂಡು ಮೊದ್ಲು ಲೈನ್ ಲೆಂತ್ (ಬಾಲ್ ಹೋಗೋ ದಿಕ್ಕು, ಬೀಳೋ ದೂರ) ನೋಡ್ಕೋ ಅಂತಿದ್ರು. ಸರ್ ಉಲ್ಟಾ ಹೇಳಿದ್ರು, ಇನ್ನೂ ಜೋರಾಗಿ ತಿರುಗಿಸು, ಲೆಂತ್ ಆಮೇಲೆ ಕೂರಿಸ್ಕೊಳ್ಳೋಣ ಅಂತ. ಸಣ್ಣ ವಯಸ್ಸಲ್ಲಿ ಸ್ಪಿನ್ ಬಿಟ್ಟು ಬರೀ ನೆಟ್ಟಗೆ ಹಾಕೋದು ರೂಢಿಯಾದ್ರೆ ಮತ್ತೆ ಸ್ಪಿನ್ ತರಿಸೋದು ತುಂಬಾ ಕಷ್ಟ ಅನ್ನೋದು ಅವರ ಗಟ್ಟಿ ನಂಬಿಕೆ, ನಂಗೂ ಈಗ ಹಾಗೇ ಅನ್ಸುತ್ತೆ.

ಗ್ರಿಪ್ ಬಗ್ಗೆ ಜಾಸ್ತಿ ಟೈಮ್ ಹಿಡೀಲಿಲ್ಲ. ತೋರುಬೆರಳು ನಡುಬೆರಳು ಸೀಮ್ (ಬಾಲಿನ ಹೊಲಿಗೆ) ಮೇಲೆ ಅಡ್ಡ, ಉಂಗುರಬೆರಳು ಮಡಚಿ ಬಾಲಿಗೆ ಒತ್ಕೊಂಡಿರ್ಬೇಕು, ಹೆಬ್ಬೆರಳು ಸುಮ್ನೆ ತಾಗಿದ್ರೆ ಸಾಕು. ಮುಖ್ಯ ಕೆಲಸ ಆ ಉಂಗುರಬೆರಳು ಮತ್ತೆ ಮಣಿಕಟ್ಟಿಂದು, ಬಿಗಿಯಾಗಿ ಹಿಡಿದ್ರೆ ಮಣಿಕಟ್ಟು ಸೆಟೆದುಕೊಂಡು ಸ್ಪಿನ್ ಅಲ್ಲೇ ಸತ್ತೋಗುತ್ತೆ.

ನಿಜವಾದ ತೊಂದ್ರೆ ಇದ್ದಿದ್ದು ಕಾಲಲ್ಲಿ. ಅವನು ಬಲಗೈ ಬೌಲರ್, ಡೆಲಿವರಿ ಟೈಮಲ್ಲಿ ಎಡಗಾಲು ಅಡ್ಡ ದಾಟಿ ಬಲಕ್ಕೆ ಹೋಗಿ ಬೀಳ್ತಿತ್ತು, ಆಗ ಸೊಂಟ ತಿರುಗೋಕೆ ಜಾಗನೇ ಇರಲ್ಲ, ಕೈ ಮೇಲಿಂದ ಬರೋ ಬದಲು ಮೈ ಸುತ್ತಿಕೊಂಡು ಬರುತ್ತೆ, ಬಾಲ್ ಎಳೆದ ಹಾಗಾಗಿ ಶಾರ್ಟ್ ಬೀಳುತ್ತೆ. ಸರ್ ಬಲಗಾಲು ಊರೋ ಜಾಗದಿಂದ ಬ್ಯಾಟ್ಸ್‌ಮನ್ ಹಿಂದಿನ ಸ್ಟಂಪ್ಸ್ ಕಡೆ ಸುಣ್ಣದಲ್ಲಿ ಒಂದು ಗೆರೆ ಎಳೆದ್ರು. ರನ್ಅಪ್ ಪೂರ್ತಿ ಬಂದ್. ನಿಂತ ಜಾಗದಲ್ಲೇ ಪಕ್ಕಕ್ಕೆ ತಿರುಗಿ ನಿಂತು ಹಾಕು, ಅದು ಸರಿಯಾದ್ಮೇಲೆ ಎರಡು ಮೂರು ಹೆಜ್ಜೆ ನಡ್ಕೊಂಡು ಬಂದು ಹಾಕು. ಸರ್ ಆ ದಿನಗಳಲ್ಲಿ ಬಾಲ್ ಎಲ್ಲಿ ಬಿತ್ತು ಅಂತ ನೋಡ್ತಾನೇ ಇರ್ಲಿಲ್ಲ, ಬಗ್ಗಿ ನೆಲ ನೋಡ್ತಿದ್ರು. ಎಡಗಾಲಿನ ಮುಂಗಾಲು ಊರಿದ ಕಡೆ ಮಣ್ಣು ದುಂಡಗೆ ಉಜ್ಜಿದ ಹಾಗಿದ್ರೆ ಕಾಲು ಅಲ್ಲಿ ತಿರುಗಿದೆ ಅಂತ ಅರ್ಥ, ಬರೀ ಶೂ ಅಚ್ಚು ಬಿದ್ದಿದ್ರೆ ತಿರುಗಿಲ್ಲ, ಮತ್ತೆ ಹಾಕು. ಬಾಲ್ ಬಿಟ್ಟ ಮೇಲೆ ಬಲಗಾಲು ಮುಂದೆ ದಾಟಿ ಬಲಭುಜ ಬ್ಯಾಟ್ಸ್‌ಮನ್ ಕಡೆ ತೋರಿಸ್ಬೇಕು.

ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ ಹೆಸರು ಬರ್ತಿದ್ದಿದ್ದು ಇಲ್ಲೇ. ಆತ ಹೆಚ್ಚುಕಮ್ಮಿ ನಡ್ಕೊಂಡೇ ಬರ್ತಿದ್ದಿದ್ದು, ಶಕ್ತಿಯೆಲ್ಲಾ ಸೊಂಟ ಭುಜದಿಂದ. 1993ರಲ್ಲಿ ಓಲ್ಡ್ ಟ್ರಾಫರ್ಡಲ್ಲಿ ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಗ್ಯಾಟಿಂಗ್‌ಗೆ ಹಾಕಿದ ಬಾಲ್ ಗಾಳಿಲಿ ಲೆಗ್ ಸೈಡಿಗೆ ಸರಿದು ಲೆಗ್ ಸ್ಟಂಪಿಂದ ಆಚೆ ಬಿದ್ದು, ತಿರುಗಿ ಆಫ್ ಸ್ಟಂಪಿಗೆ ತಾಗಿತ್ತಲ್ಲ, ಆ ಸರಿಯೋದಕ್ಕೂ ಕಾರಣ ಸ್ಪಿನ್ನೇ, ಸೈಡ್‌ಸ್ಪಿನ್ (ಪಕ್ಕಕ್ಕೆ ತಿರುಗೋ ಸ್ಪಿನ್) ಜೋರಾಗಿದ್ರೆ ಮಾತ್ರ ಆ ಡ್ರಿಫ್ಟ್, ಅಂದ್ರೆ ಗಾಳಿಲಿ ಸರಿಯೋದು, ಸಿಗುತ್ತೆ. ನಮ್ಮವನ ಕಾಲು ಸರಿಯಾದ್ಮೇಲೆ ನಂಗೆ ಅದು ಕಣ್ಣಾರೆ ಕಂಡಿತು, ಬಾಲ್ ಬ್ಯಾಟ್ಸ್‌ಮನ್ ಕಾಲ ಹಿಂದೆ ಮರೆಯಾಗಿ ಆಮೇಲೆ ಆಫ್ ಕಡೆಯಿಂದ ನನ್ನ ಗ್ಲೌಸಿಗೆ ಬರೋದು. ಎಂಥಾ ಖುಷಿ ಅದು!

ಲೆಂತ್‌ಗೆ ಸರ್ ನೆಟ್ಸಲ್ಲಿ ಬ್ಯಾಟ್ಸ್‌ಮನ್ ಕಣ್ಣಿಗಿಂತ ಎತ್ತರಕ್ಕೆ ಅಡ್ಡ ದಾರ ಕಟ್ಟಿದ್ರು, ಬಾಲ್ ಅದ್ರ ಮೇಲಿಂದ ಹೋಗಿ ಇಳೀಬೇಕು. ಮೇಲಕ್ಕೆ ಹಾಕೋಕೆ ಹೋಗಿ ಕೈ ನಿಧಾನ ಮಾಡಿದ್ರೆ ಮಾತ್ರ ಬೈತಿದ್ರು, ಬಾಲ್ ನಿಧಾನ ಹೋಗ್ಲಿ ಕೈ ನಿಧಾನ ಆಗ್ಬಾರ್ದು ಅಂತ.

ಅವನಿಗೆ ಕುಂಬ್ಳೆ ಅಂದ್ರೆ ಪ್ರಾಣ. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ 74 ರನ್ನಿಗೆ ಹತ್ತಕ್ಕೆ ಹತ್ತು ತೆಗೆದ್ರಲ್ಲ, ಅದೇ ವೇಗದಲ್ಲಿ ಹಾಕ್ತೀನಿ ಅಂತ ಹಟ. ಸರ್ ಕೂರಿಸಿ ಹೇಳಿದ್ರು, ಅವರ ಎತ್ತರ ಬೇರೆ, ಆ ಎತ್ತರದಿಂದ ಟಾಪ್‌ಸ್ಪಿನ್ (ಮುಂದಕ್ಕೆ ಉರುಳೋ ಸ್ಪಿನ್) ಬಿದ್ರೆ ಬರೋ ಬೌನ್ಸ್ ಬೇರೆ, ಕುಂಬ್ಳೆಗಿಂತ ಮುಂಚಿನ ಲೆಗ್ ಸ್ಪಿನ್ನರ್ ಚಂದ್ರಶೇಖರ್ ಅವರದ್ದು ಪೋಲಿಯೋ ಆಗಿದ್ದ ಕೈ, ಅದ್ರಲ್ಲೇ 242 ಟೆಸ್ಟ್ ವಿಕೆಟ್, ಅವರಿಬ್ಬರೂ ತಮ್ಮ ತಮ್ಮ ಮೈಗೆ ಒಪ್ಪೋದನ್ನ ಹಾಕಿದ್ರು, ನೀನೂ ನಿನ್ನದ್ದು ಹಾಕು.

ಗೂಗ್ಲಿ (ಲೆಗ್ ಸ್ಪಿನ್ ಥರಾನೇ ಕಂಡು ಉಲ್ಟಾ ಕಡೆ ತಿರುಗೋ ಬಾಲ್) ಮಾತ್ರ ತುಂಬಾ ದಿನ ಕೊಡ್ಲೇ ಇಲ್ಲ. ಅದನ್ನೇ ಹಾಕ್ತಾ ಹೋದ್ರೆ ಮಣಿಕಟ್ಟು ಭುಜ ಎರಡೂ ಅದೇ ಕಡೆ ಪಳಗಿಬಿಟ್ಟು ಲೆಗ್ ಬ್ರೇಕೇ, ಅಂದ್ರೆ ಮಾಮೂಲಿ ಲೆಗ್ ಸ್ಪಿನ್ ಬಾಲೇ, ಕಳೆದುಹೋಗುತ್ತೆ, ಹಾಗೆ ಆಗಿರೋರು ಬೇಕಾದಷ್ಟು ಜನ ಇದ್ದಾರೆ.

ಈಗಿನ ಟೀಮಲ್ಲಿ ಲೆಗ್ ಸ್ಪಿನ್ ಹಾಕೋರಿದ್ರೆ ಅವರ ಕೀಪರ್‌ಗೆ ಒಂದು ಮಾತು. ಹಳೇ ಬಾಲಿಗೆ ಸೀಮಿನ ಒಂದು ಕಡೆ ಬಿಳಿ ಬಣ್ಣ ಹೊಡೀರಿ, ಸ್ಪಿನ್ ಸರಿಯಾಗಿದ್ರೆ ಎರಡು ಬಣ್ಣದ ಮಧ್ಯದ ಗೆರೆ ಅಲುಗಾಡದೆ ಬರುತ್ತೆ, ತಪ್ಪಿದ್ರೆ ಬಣ್ಣ ಕಲಸಿದ ಹಾಗೆ ಕಾಣುತ್ತೆ. ಗೆರೆ ಸ್ಲಿಪ್ (ನಿಮ್ಮ ಪಕ್ಕ ಆಫ್ ಕಡೆ ನಿಲ್ಲೋ ಫೀಲ್ಡರ್) ಕಡೆ ಇದ್ರೆ ಲೆಗ್ ಬ್ರೇಕ್, ನೇರ ನಿಮ್ಮ ಕಡೆ ಇದ್ರೆ ಟಾಪ್‌ಸ್ಪಿನ್. ಪ್ರತಿ ಬಾಲ್ ಆದ್ಮೇಲೆ ಬೌಲರ್‌ಗೆ ಅದನ್ನ ಕೂಗಿ ಹೇಳಿ, ಅಲ್ಲಿಂದ ಅವರಿಗೆ ಅದು ಅಷ್ಟು ಚೆನ್ನಾಗಿ ಕಾಣಲ್ಲ.