ಕಾಸರಗೋಡಿನಲ್ಲಿ ಕನ್ನಡ ಉಳಿಯುತ್ತಾ?

ಬೆಂಗಳೂರಿಗೋ ಮೈಸೂರಿಗೋ ಹೋದಾಗ ನನ್ನೂರು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಿ ಕನ್ನಡ ಉಳಿಯುತ್ತಾ ಸಾರ್?" ಐಸಿಯು ಬಾಗಿಲಲ್ಲಿ ನಿಂತವರ ದನಿಯಲ್ಲಿ ಕೇಳುತ್ತಾರೆ. ಕಾಳಜಿಯಿಂದಲೇ ಕೇಳುವುದು, ಅದಕ್ಕೆ ನನಗೆ ಬೇಸರವಿಲ್ಲ. ತಕರಾರು ಇರುವುದು 'ಉಳಿಯುತ್ತಾ' ಅನ್ನುವ ಮಾತಿನ ಮೇಲೆ.

ರಾತ್ರಿ ಊಟ ಮುಗಿದ ಮೇಲೆ ಸಾರು ಉಳಿಯುತ್ತದೆ. ಸಂತೆಯಲ್ಲಿ ಯಾರಿಗೂ ಬೇಡವಾದ ಬದನೆಕಾಯಿ ಉಳಿಯುತ್ತದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕನ್ನಡನಾಡಿಗೆ ಸೇರಬೇಕು ಅಂತ 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು. ಆ ವರದಿ ಕಾಗದದಲ್ಲೇ ಉಳಿಯಿತು. ನೋಡಿ, ಈ ಮಾತು ಅಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ!

ಬದುಕುವ ತಾಕತ್ತಿಗೆ ನಮ್ಮಲ್ಲಿ ಬೇರೆ ಮಾತುಗಳಿವೆ. ಹುಟ್ಟಿದ ಕರು ಎದ್ದು ನಿಲ್ಲದಿದ್ದರೆ ನನ್ನ ಅಜ್ಜಿ ಹಟ್ಟಿಯ ಬಾಗಿಲಲ್ಲಿ ನಿಂತು "ದಕ್ಕೀತಾ?" ಅಂತ ಕೇಳುತ್ತಿದ್ದರು. ದಕ್ಕುವುದು ಅಂದರೆ ಕರು ಬದುಕುವುದೂ ಹೌದು, ನಮ್ಮ ಪಾಲಿಗೆ ಸಿಗುವುದೂ ಹೌದು. ಹಾಗಾಗಿ ಕೇಳಿದವರು ಸುಮ್ನೆ ನಿಲ್ಲುವ ಹಾಗಿಲ್ಲ. ಅಜ್ಜಿ ಕೇಳಿದ ಮರುಗಳಿಗೆಯೇ ಒಣ ಗೋಣಿ ತಂದು ಕರುವಿನ ಮೈ ಉಜ್ಜುತ್ತಿದ್ದರು.

ಲೆಕ್ಕದ ವಿಷಯವಾದರೆ ಅಂಗಡಿಯವರು "ಗಿಟ್ಟುವುದಿಲ್ಲ" ಅನ್ನುತ್ತಾರೆ, ತೋಟದವರು "ಕೂಲಿ ಕೊಟ್ಟು ಪೂರೈಸುವುದಿಲ್ಲ" ಅನ್ನುತ್ತಾರೆ. ಚಪ್ಪಲಿಗೆ ಬಾಳಿಕೆ. ಮದುವೆಮನೆಯಲ್ಲಿ ಜನ ಜಾಸ್ತಿಯಾಗಿ ಪಾಯಸ ಕಮ್ಮಿ ಬಿದ್ದರೆ "ಹೇಗಾದರೂ ಸುಧಾರಿಸುವ". ಪುಸ್ತಕದಲ್ಲಿ ಸುಧಾರಣೆ ಅಂದರೆ ದೊಡ್ಡ ಸಂಗತಿ, ನಮಗೆ ಅದು ಇದ್ದುದರಲ್ಲಿ ತೂಗಿಸುವುದು. ಇನ್ನು ಗೆಲುವು. ಪಂದ್ಯ ಗೆದ್ದರೂ ಗೆಲುವೇ, ಜ್ವರ ಬಿಟ್ಟ ಮಗು ಆಡತೊಡಗಿದರೂ ಗೆಲುವಾಗಿದೆ ಅನ್ನುತ್ತೇವೆ. ಕರಾವಳಿಯಲ್ಲಿ ಮರದ ಕೊಂಬೆಗೂ ಗೆಲ್ಲು ಅಂತಲೇ ಹೆಸರು. ಇವೆರಡಕ್ಕೂ ನಂಟಿದೆ ಅಂತ ನಾನು ಹೇಳುತ್ತಿಲ್ಲ, ಕೇಳಲು ಚಂದ ಅಷ್ಟೇ.

ಪಕ್ಕದ ಮನೆಯ ಮಲಯಾಳದಲ್ಲಿ, ಗಲ್ಫಿನಲ್ಲಿ ಕೆಲಸ ಸಿಕ್ಕಿದ ಹುಡುಗ "ರಕ್ಷಪ್ಪೆಟ್ಟು". ಏನೋ ಬೆಂಕಿಯಿಂದ ಪಾರಾದ ಹಾಗೆ! ಅವರ ಇನ್ನೊಂದು ಮಾತು "ಪಿಡಿಚ್ಚು ನಿಲ್ಕ್ಕುಕ", ಹಿಡಿದುಕೊಂಡು ನಿಲ್ಲುವುದು. ಅದು ನಮ್ಮದಲ್ಲವಲ್ಲ ಅಂತ ನನಗೆ ಸ್ವಲ್ಪ ಹೊಟ್ಟೆಕಿಚ್ಚು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಬೀದಿಗೆ ಇಳಿದರು. ಆ ದಿನಗಳಿಗೆ ಈ ಮಾತು ಚೆನ್ನಾಗಿ ಹೊಂದುತ್ತಿತ್ತು.

ಹಾಗಾದರೆ ಕನ್ನಡ ದಕ್ಕುತ್ತದಾ?

ಹೋದ ಮಳೆಗಾಲದಲ್ಲಿ 9 ಅಡಿಗೊಂದರಂತೆ 20 ಅಡಿಕೆ ಸಸಿ ನೆಟ್ಟಿದ್ದೆ. ತಿಂಗಳೆರಡರಲ್ಲಿ ಕೆಳಗಿನ ಸೋಗೆಯೆಲ್ಲ ಹಳದಿ. ಎಲ್ಲ ಹೋಯಿತು ಅಂದುಕೊಂಡೆ. ಕೆಲಸಕ್ಕೆ ಬಂದ ಅಣ್ಣ ಸೋಗೆಯ ಕಡೆ ಕಣ್ಣೇ ಹಾಯಿಸಲಿಲ್ಲ. ಬಗ್ಗಿ, ನಡುವಿನ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಸುಳಿ ಕೊಳೆತಿದ್ದರೆ ಕೈಗೇ ಬರುತ್ತದೆ. 3 ಬಂದವು, ವಾಸನೆ ಸಮೇತ. ಉಳಿದವು ಜಗ್ಗಲಿಲ್ಲ. "ಇದೆಲ್ಲ ಜೀವ ಹಿಡಿದಿದೆ. ಪಡುವಣ ಬಿಸಿಲು ಬೀಳದ ಹಾಗೆ ತೆಂಗಿನ ಮಡಲು ಕಟ್ಟಿ" ಅಂದರು.

ಹಳದಿ ಸೋಗೆ ನಮ್ಮಲ್ಲಿ ಬೇಕಾದಷ್ಟಿದೆ, ಮುಚ್ಚಿಡುವುದಿಲ್ಲ. ಸುಳಿ ನೋಡಬೇಕು ಅನಿಸಿದರೆ ಏಳನೇ ಕ್ಲಾಸಿನ ಸೊಸೆಯ ಮಾತಿಗೆ ಕಿವಿ ಕೊಡುತ್ತೇನೆ. ಅಕ್ಕನ ಮಗಳು ಅವಳು. ಮೊಬೈಲಿನಲ್ಲಿ ನೋಡುವುದು ಮಲಯಾಳದ ರೀಲ್ಸ್. ತಮ್ಮನ ಹತ್ತಿರ ಜಗಳ ತುಳುವಿನಲ್ಲಿ. ಮೊನ್ನೆ ಗೆಳತಿಗೆ ವಾಯ್ಸ್ ಮೆಸೇಜ್ ಹಾಕುತ್ತಿದ್ದಳು, ನಾಲ್ಕು ನಿಮಿಷ, ಪೂರಾ ಕನ್ನಡ. ಏನೋ ಗುಟ್ಟಿನ ವಿಷಯ ಇರಬೇಕು, ನನ್ನನ್ನು ಕಂಡ ಕೂಡಲೇ "ಮಾವ, ನೀವು ಆಚೆ ಹೋಗಿ" ಅಂದಳು.