ಅರೆತುಂಬಿದ ವ್ಯಾಗನ್: ಸಂಡೂರಿನ ಗಣಿಯಲ್ಲಿ ಒಂದು ಪಾಳಿ

ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊರಟು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ನಿಲ್ದಾಣದ ಮೇಲುಸೇತುವೆಯ ಮೆಟ್ಟಿಲೇರಿ ಕೆಳಗೆ ನೋಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕಬ್ಬಿಣದ ಅದಿರು ಹೊತ್ತು ನಿಂತಿದ್ದ ಉದ್ದನೆಯ ಗೂಡ್ಸ್ ಗಾಡಿ. ಅದರ ಒಂದೊಂದು ವ್ಯಾಗನ್ನೂ ಅರ್ಧದಷ್ಟು ಮಾತ್ರ ತುಂಬಿತ್ತು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ಅಭ್ಯಾಸಬಲದಿಂದ, ಇಷ್ಟೊಂದು ಜಾಗ ಖಾಲಿ ಬಿಟ್ಟು ಗಾಡಿ ಓಡಿಸುವುದರಿಂದ ಆಗುವ ನಷ್ಟವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಹೆಂಡತಿಯ ಎದುರು ರೈಲ್ವೆಯವರನ್ನು ಚೆನ್ನಾಗಿ ಬೈದೆ. ಆ ಬೈಗುಳವನ್ನು ನಾನು ಮೂರನೆಯ ದಿನ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ನಡುವಿನ ಎರಡು ದಿನ ಹಂಪಿಯಲ್ಲಿ ಕಳೆದವು. ಹಂಪಿಯ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾನು ಹೇಳಬೇಕಾದದ್ದು ಸಂಡೂರಿನ ಬೆಟ್ಟದ ಮೇಲೆ ಕಳೆದ ಒಂದು ಪಾಳಿಯ ಕಥೆ.

ನನ್ನ ಚಿಕ್ಕಪ್ಪನ ಮಗನ ಷಡ್ಡಕ ಅಲ್ಲಿಯ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿ ಫೋರ್‌ಮನ್. ವ್ಯವಸ್ಥಾಪಕರಿಂದ ಲಿಖಿತ ಅನುಮತಿ ಪಡೆದಿದ್ದೇನೆ, ಬೆಳಿಗ್ಗೆ ಎಂಟಕ್ಕೆ ಗೇಟಿನ ಬಳಿ ಇರಿ ಎಂದು ಅವರು ಫೋನಿನಲ್ಲಿ ತಿಳಿಸಿದ್ದರು. ಹೆಂಡತಿ ಗಣಿಯ ಧೂಳಿಗಿಂತ ದೇವರ ದರ್ಶನವೇ ಮೇಲೆಂದು ಗುಡಿಯ ದಾರಿ ಹಿಡಿದಳು. ಮಳೆಗಾಲ ಮುಗಿಯುತ್ತಿದ್ದ ದಿನಗಳವು. ಈ ಬೆಟ್ಟಸಾಲು ಅಷ್ಟು ಹಸಿರಾಗಿರಬಹುದೆಂದು ಬಳ್ಳಾರಿಯ ಬಿಸಿಲಿನ ಮಾತನ್ನಷ್ಟೇ ಕೇಳಿದ್ದ ನಾನು ಎಣಿಸಿರಲಿಲ್ಲ. ಆ ಹಸಿರಿನ ನಡುವೆ ಗಣಿಗಳು ಮಾತ್ರ ಕೆಂಪಗೆ, ಯಾರೋ ಬೆಟ್ಟದ ಚರ್ಮ ಸುಲಿದು ಮೆಟ್ಟಿಲು ಕೊರೆದಂತೆ ಕಾಣುತ್ತಿದ್ದವು.

ಗೇಟಿನಲ್ಲಿ ನಡೆದ ಸಂಗತಿಯನ್ನು ಬರೆಯದೆ ಬಿಡಲಾರೆ, ಏಕೆಂದರೆ ನನ್ನ ಹಿಮ್ಮಡಿ ಇನ್ನೂ ಅದನ್ನು ಮರೆತಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಹೆಲ್ಮೆಟ್, ಹೊಳೆಯುವ ಪಟ್ಟಿಯ ಜಾಕೆಟ್ ಮತ್ತು ಸುರಕ್ಷತಾ ಬೂಟು ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂಬ ನಿಯಮ ಸರಿಯಾದದ್ದೇ. ಆದರೆ ಅಲ್ಲಿದ್ದ ಬೂಟುಗಳಲ್ಲಿ ನನಗೆ ಸಿಕ್ಕಿದ್ದು ಹತ್ತನೇ ಅಳತೆಯದು, ನನ್ನ ಪಾದ ಏಳರದು. ಉಸ್ತುವಾರಿಯಲ್ಲಿದ್ದ ಮಹಾಶಯರು ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಮುಂಭಾಗಕ್ಕೆ ತುರುಕಿ, "ಈಗ ಕರೆಕ್ಟ್ ಆತು ನೋಡ್ರಿ" ಎಂದು ಕೈ ತೊಳೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿದ್ದವು. ಗಣಿ ನೋಡಲು ಹೋಗುವವರು ತಮ್ಮದೇ ಗಟ್ಟಿ ಬೂಟನ್ನೂ ದಪ್ಪ ಕಾಲುಚೀಲವನ್ನೂ ಒಯ್ಯಬೇಕು, ಬಿಳಿಯ ಅಂಗಿಯನ್ನು ಮನೆಯಲ್ಲೇ ಬಿಡಬೇಕು. ನನ್ನ ಅಂಗಿ ನಾಲ್ಕು ಸಲ ಒಗೆದ ಮೇಲೂ ಕಾವಿಯ ಬಣ್ಣದಲ್ಲೇ ಇದೆ.

ಜೀಪಿನಲ್ಲಿ ಮೇಲೇರಿದ ಮೇಲೆ ಕಂಡ ಯಂತ್ರವನ್ನು ನಾನು ಹಿಟಾಚಿ ಎಂದು ಕರೆದೆ. ನಮ್ಮ ಕಡೆ ಮಣ್ಣು ತೋಡುವ ಯಾವ ಯಂತ್ರವಾದರೂ ಒಂದೋ ಜೆಸಿಬಿ, ಇಲ್ಲವೇ ಹಿಟಾಚಿ. ಫೋರ್‌ಮನ್ ನಕ್ಕು, ಇದು ಶಾವೆಲ್ ಎಂದು ತಿದ್ದಿದರು. ನಾವು ದಿನವೂ ಕಾಣುವ ಯಂತ್ರ ಮೇಲೆ ನಿಂತು ಕೆಳಗಿನ ಮಣ್ಣನ್ನು ತನ್ನ ಕಡೆಗೆ ಬಾಚಿಕೊಳ್ಳುತ್ತದೆ. ಶಾವೆಲ್ ಬೆಂಚಿನ, ಅಂದರೆ ಮೆಟ್ಟಿಲಿನಂತೆ ಕಡಿದ ಗಣಿಯ ಹಂತದ, ಬುಡದಲ್ಲಿ, ಸಿಡಿಸಿದ ಬಂಡೆಗಳ ರಾಶಿಗೆ ಮುಖ ಮಾಡಿ ನಿಂತು, ಬಕೆಟ್ಟನ್ನು ನೆಲಮಟ್ಟದಲ್ಲಿ ಮುಂದಕ್ಕೆ ನುಗ್ಗಿಸಿ ಮೇಲಕ್ಕೆತ್ತುತ್ತದೆ; ಸುರಿಯುವಾಗ ಬಕೆಟ್ಟನ್ನು ಮಗುಚುವ ಬದಲು ಅದರ ತಳವನ್ನೇ ಬಾಯಿಯಂತೆ ತೆರೆಯುತ್ತದೆ. ನೂರಕ್ಕೂ ಹೆಚ್ಚು ಟನ್ ತೂಗುವ ಆ ದೇಹವನ್ನು ಅತ್ತಿತ್ತ ಆಡಿಸುವುದು ಪಂಪುಗಳು ಒತ್ತಿ ಕಳುಹಿಸುವ ಎಣ್ಣೆ. ಆಪರೇಟರ್ ಕುಳಿತುಕೊಳ್ಳುವ ಗೂಡು ಎರಡಾಳು ಎತ್ತರದಲ್ಲಿ, ಯಂತ್ರದ ಎಡಬದಿಗಿತ್ತು. ಕೆಲಸ ಕಲಿಯುವವರಿಗೆಂದು ಅದರೊಳಗೆ ಇರಿಸಿದ್ದ ಮಡಿಚುವ ಆಸನದಲ್ಲಿ, ಪಟ್ಟಿ ಬಿಗಿದುಕೊಂಡು, ಯಾವುದನ್ನೂ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ನಾನು ಕುಳಿತೆ.

ಆಪರೇಟರ್ ಐವತ್ತು ದಾಟಿದ, ಕೂಡ್ಲಿಗಿ ಕಡೆಯ ಮನುಷ್ಯ. ಅವರ ಸಹಾಯಕ ಹುಡುಗ ಅವರನ್ನು ಮಾಮಾ ಎಂದು ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಎಡಗೈಯ ಕೋಲಿನಿಂದ ಯಂತ್ರವನ್ನು ತಿರುಗಿಸುವುದು ಮತ್ತು ತೋಳನ್ನು ಚಾಚುವುದು, ಬಲಗೈಯ ಕೋಲಿನಿಂದ ಬೂಮ್ (ಬುಡದ ದೊಡ್ಡ ತೋಳು) ಎತ್ತುವುದು ಮತ್ತು ಬಕೆಟ್ ಮಡಿಸುವುದು, ಕಾಲಿನ ಪೆಡಲಿನಿಂದ ಬಕೆಟ್ಟಿನ ಬಾಯಿ ತೆರೆಯುವುದು: ಈ ಐದೂ ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆಂದು ನಾನು ಊಹಿಸಿದ್ದೆ. ಅವರ ಕೈಯಲ್ಲಿ ಅವು ಒಂದರೊಳಗೊಂದು ಸೇರಿಕೊಂಡಿದ್ದವು. ತೋಳು ಹಿಂದೆ ಸರಿಯುತ್ತಿರುವಾಗಲೇ ದೇಹ ತಿರುಗುತ್ತಿತ್ತು, ತಿರುಗುವುದು ಮುಗಿಯುವ ಮೊದಲೇ ಬೂಮ್ ಇಳಿಯುತ್ತಿತ್ತು. ಕೈಗಡಿಯಾರ ನೋಡಿದೆ. ಒಂದು ಸುತ್ತು ಮುಗಿಯಲು ಸುಮಾರು ಮೂವತ್ತು ಸೆಕೆಂಡು ಹಿಡಿಯುತ್ತಿತ್ತು.

ಅದಿರು ಸಾಗಿಸುವ ದೊಡ್ಡ ಲಾರಿಯಾದ ಡಂಪರುಗಳಲ್ಲಿ ಮೊದಲನೆಯದು ಹಿಂದೆ ಹಿಂದೆ ಬರುತ್ತಿದ್ದಾಗ ಮಾಮಾ ತುಂಬಿದ ಬಕೆಟ್ಟನ್ನು ಗಾಳಿಯಲ್ಲಿ ಒಂದೆಡೆ ಹಿಡಿದು ನಿಲ್ಲಿಸಿದ್ದರು. ಏಕೆಂದು ಕೇಳಿದೆ.

"ಅದು ಅವನಿಗೆ ಗುರುತು ಸಾರ್. ಬಕೆಟ್ ಎಲ್ಲೈತೋ ಅದರ ಕೆಳಗ ತನ್ನ ತೊಟ್ಟಿ ತಂದು ನಿಲ್ಲಿಸ್ತಾನ. ನಾ ಹಾರ್ನ್ ಹೊಡದ್ರ ನಿಲ್ಲಬೇಕು."

ಡಂಪರ್ ಎಡಬದಿಗೇ ಬಂದು ನಿಲ್ಲುವಂತೆ ಅವರು ಯಂತ್ರವನ್ನು ನಿಲ್ಲಿಸಿಕೊಂಡಿದ್ದರು. ಬಲಬದಿಯಲ್ಲಿ ಬೂಮ್ ಅಡ್ಡ ಬರುವುದರಿಂದ ಅತ್ತ ಕಣ್ಣು ಹಾಯುವುದಿಲ್ಲವಂತೆ. ತುಂಬಿದ ಬಕೆಟ್ ಒಮ್ಮೆಯೂ ಚಾಲಕನ ಕ್ಯಾಬಿನ್ನಿನ ಮೇಲೆ ಹಾಯಲಿಲ್ಲ. ಪ್ರತಿ ಸಲವೂ ತೊಟ್ಟಿಯ ಹಿಂಬದಿಯಿಂದಲೇ ಬಂತು.

ಬಳಿಕ ನಡೆದದ್ದು ನನ್ನನ್ನು ಬೆರಗುಗೊಳಿಸಿತು. ರಾಶಿಯಲ್ಲಿ ಎಮ್ಮೆಯಷ್ಟು ದೊಡ್ಡ ಬಂಡೆಗಳಿದ್ದರೂ ಮಾಮಾ ಅವನ್ನು ಬಿಟ್ಟು, ಬದಿಯಲ್ಲಿದ್ದ ಪುಡಿಯನ್ನು ಬಾಚಿ, ಬಕೆಟ್ಟನ್ನು ತೊಟ್ಟಿಯ ತಳಕ್ಕೆ ತಾಗುವಷ್ಟು ಇಳಿಸಿ, ಬಾಯಿಯನ್ನು ಸ್ವಲ್ಪ ಸ್ವಲ್ಪವೇ ತೆರೆದು ಸುರಿದರು. ಡಂಪರ್ ಕದಲಿದಂತೆಯೇ ಕಾಣಲಿಲ್ಲ. ಎರಡನೆಯ ಬಕೆಟ್ಟಿನಲ್ಲಿ ಬಂಡೆಗಳು ಬಂದವು, ಅವೂ ಆ ಪುಡಿಯ ಮೇಲೆ ಕುಳಿತವು.

"ಮೊದಲ ಬಕೆಟ್ ಹಾಸಿಗಿ ಸಾರ್. ಬರೀ ತಗಡಿನ ಮ್ಯಾಲ ಬಂಡಿ ಒಗದ್ರ ತೊಟ್ಟಿ ಬಿರಿತೈತಿ, ಒಳಗ ಕುಂತವನ ಸೊಂಟಾನೂ ಬಿರಿತೈತಿ. ನಾನೂ ಡಂಪರ್ ಓಡಿಸಿ ಬಂದವನ. ಯಾರ ಕೈ ಹೆಂಗ ಅಂತ ಸೊಂಟಕ್ಕ ಗೊತ್ತಾಗ್ತಿತ್ತು."

ಐದು ಬಕೆಟ್ಟಿಗೆ ಅವರು ಹಾರ್ನ್ ಹೊಡೆದು ಡಂಪರನ್ನು ಕಳುಹಿಸಿಬಿಟ್ಟರು. ತೊಟ್ಟಿಯ ಅಂಚಿನವರೆಗೆ ಇನ್ನೂ ಸಾಕಷ್ಟು ಜಾಗವಿತ್ತು. ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ನಿಲ್ದಾಣದಲ್ಲಿ ಕಂಡ ವ್ಯಾಗನ್ನುಗಳ ವಿಷಯವನ್ನೂ ಸೇರಿಸಿ, ಇಲ್ಲಿಯೂ ಅರ್ಧವೇ ಏಕೆ ಎಂದು ಕೇಳಿದೆ. ಮಾಮಾ ನೇರವಾಗಿ ಉತ್ತರಿಸದೆ, ಕಿಟಕಿಯ ಬಳಿ ಇಟ್ಟಿದ್ದ ಉಕ್ಕಿನ ಬಣ್ಣದ ಕಲ್ಲೊಂದನ್ನು ನನ್ನ ಅಂಗೈಯಲ್ಲಿಟ್ಟರು. ಮೂಸಂಬಿಯಷ್ಟು ಗಾತ್ರದ್ದು. ನನ್ನ ಕೈ ತಟ್ಟನೆ ಕೆಳಗಿಳಿಯಿತು.

ಆಮೇಲೆ ಲೆಕ್ಕ ನಾನೇ ಮಾಡಿಕೊಂಡೆ. ಗಟ್ಟಿ ಹೆಮಟೈಟ್, ಅಂದರೆ ಇಲ್ಲಿಯ ಕಬ್ಬಿಣದ ಅದಿರು, ನೀರಿನ ಸುಮಾರು ಐದು ಪಟ್ಟು ತೂಗುತ್ತದೆ. ಸಿಡಿದು ಸಂದು ಬಿಟ್ಟ ರಾಶಿಯಾದಾಗಲೂ ಒಂದು ಘನ ಮೀಟರಿಗೆ ಎರಡೂವರೆ ಟನ್ನಿನ ಆಸುಪಾಸು. ಐದು ಘನ ಮೀಟರಿನ ಬಕೆಟ್ಟೊಂದು ಹನ್ನೆರಡು ಟನ್ನು ಮೀರುತ್ತದೆ, ಐದು ಬಕೆಟ್ಟಿಗೆ ಅರವತ್ತು ಟನ್ನಿನ ಡಂಪರಿನ ಮಿತಿ ಮುಗಿಯುತ್ತದೆ. ಅದೇ ಬಕೆಟ್ಟಿನಲ್ಲಿ ಕಲ್ಲಿದ್ದಲು ತುಂಬಿದರೆ ಅದು ಐದು ಟನ್ನಿನಷ್ಟು ಮಾತ್ರ. ಹಾಗಾಗಿ ಕಲ್ಲಿದ್ದಲು ಗಣಿಯಲ್ಲಿ ಅಷ್ಟೇ ಶಕ್ತಿಯ ಯಂತ್ರಕ್ಕೆ ದೊಡ್ಡ ಬಕೆಟ್ ತೊಡಿಸಬಹುದು, ಇಲ್ಲಿ ಚಿಕ್ಕದೇ ಆಗಬೇಕು. ಕಣ್ಣಿಗೆ ಅರ್ಧವಾಗಿ ಕಂಡ ವ್ಯಾಗನ್ ಚಕ್ರದ ಅಚ್ಚು ಹೊರುವ ತೂಕದ ಲೆಕ್ಕದಲ್ಲಿ ಪೂರ್ತಿಯೇ ತುಂಬಿತ್ತು. ಘನಫಲವನ್ನೂ ತೂಕವನ್ನೂ ಗೊಂದಲ ಮಾಡಿಕೊಳ್ಳಬೇಡಿ ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ!

ಡಂಪರುಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಮಾಮಾ ಮಾತನಾಡಿದರು. ಚೀನಾದ ಬೇಡಿಕೆಯಿಂದ ಅದಿರಿಗೆ ಚಿನ್ನದ ಬೆಲೆ ಬಂದಿದ್ದ ಕಾಲದಲ್ಲಿ ಲಾರಿಯ ಕ್ಲೀನರಾಗಿ ಸೇರಿ, ಡಂಪರ್ ಓಡಿಸಿ, ಹಗಲೆಲ್ಲ ದುಡಿದು ರಾತ್ರಿ ಬೇರೆಯವರ ಯಂತ್ರದಲ್ಲಿ ಕೈ ಪಳಗಿಸಿಕೊಂಡು ಆಪರೇಟರ್ ಆದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಅಕ್ರಮ ಮಾಡಿದವರ ಜೊತೆಗೆ ಇಂಥ ಸಾವಿರಾರು ಕೈಗಳೂ ನಿಂತವು. ಅವರು ಒಡಿಶಾದ ಗಣಿಯೊಂದಕ್ಕೆ ಹೋದರು. 2013ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಗಣಿಗಳ ಎ, ಬಿ, ಸಿ ಎಂಬ ವಿಂಗಡಣೆಯನ್ನು ಒಪ್ಪಿ, ತೀವ್ರ ಅಕ್ರಮ ನಡೆದಿದ್ದ ಸಿ ವರ್ಗದವುಗಳ ಗುತ್ತಿಗೆಯನ್ನು ರದ್ದುಮಾಡಿತು. ಅದರ ಆಸುಪಾಸಿನಲ್ಲಿ ಉಳಿದವು ಒಂದೊಂದಾಗಿ ತೆರೆದವು, ಅವರೂ ಮರಳಿದರು. ನಿಲ್ಲಿಸಿದ್ದು ಸರಿಯೇ ಎಂದು ಕೇಳಿದೆ.

"ಸರೀನ ಸಾರ್. ಆವಾಗ ಬೆಂಚ್ ಇಲ್ಲ, ಅಳತಿ ಇಲ್ಲ, ನೆಟ್ಟಗ ಗ್ವಾಡಿ ಕಡದಂಗ ಕಡೀತಿದ್ವಿ. ಮ್ಯಾಲಿಂದು ಯಾವಾಗ ಬೀಳ್ತೈತೋ ಅಂತ ನೋಡ್ಕೊಂತನ ಕೆಲಸ. ಆದ್ರ ಎರಡು ವರ್ಷ ಮಕ್ಕಳ ಮುಖ ನೋಡಲಿಲ್ಲ. ಅದನ್ನ ಯಾವ ಲೆಕ್ಕಕ್ಕ ಬರೀತೀರಿ?"

ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಡಂಪರ್ ಬಂತು, ಅವರು ಬಕೆಟ್ ಎತ್ತಿದರು.

ಒಮ್ಮೆ ಬಕೆಟ್ ರಾಶಿಗೆ ನುಗ್ಗಿದೊಡನೆ ಅವರು ಕೈ ಸಡಿಲಿಸಿ, ಮತ್ತೊಂದು ಕಡೆಯಿಂದ ಪ್ರಯತ್ನಿಸಿದರು. ನನಗೆ ಎರಡೂ ಕಡೆ ಒಂದೇ ಕೆಂಪು. ಅಲ್ಲಿರುವುದು ಅದಿರಲ್ಲ, ಪಟ್ಟಿಪಟ್ಟಿಯಾಗಿ ಬೆಣಚು ಸೇರಿಕೊಂಡ ಕಲ್ಲು, ಅದನ್ನು ಬೇರೆ ಡಂಪರಿಗೆ ತುಂಬಬೇಕು ಎಂದರು. ಹೇಗೆ ತಿಳಿಯಿತೆಂದರೆ ಕುಳಿತ ಕುರ್ಚಿಯನ್ನು ತಟ್ಟಿ ತೋರಿಸಿದರು. ಅದಿರಿಗೆ ಬಕೆಟ್ ಹೊಕ್ಕರೆ ಯಂತ್ರ ನರಳುತ್ತದಂತೆ, ಆ ಕಲ್ಲಿಗೆ ಹೊಕ್ಕರೆ ಕಿರುಗುಟ್ಟುತ್ತದಂತೆ. ಮುಂದಿನ ನಾಲ್ಕು ಬಕೆಟ್ಟುಗಳಲ್ಲಿ ಕಣ್ಣು ಮುಚ್ಚಿಕೊಂಡು ಆ ವ್ಯತ್ಯಾಸವನ್ನು ಹಿಡಿಯಲು ನೋಡಿದೆ. ನನಗೆ ಹಿಮ್ಮಡಿಯ ಉರಿಯ ವಿನಾ ಏನೂ ತಿಳಿಯಲಿಲ್ಲ.

ಮಧ್ಯಾಹ್ನ ಪಕ್ಕದ ಬೆಂಚಿನಲ್ಲಿ ಬ್ಲಾಸ್ಟಿಂಗ್ ಇದ್ದುದರಿಂದ ಸೈರನ್ ಕೂಗಿತು. ಐನೂರು ಮೀಟರಿನೊಳಗೆ ಯಾರೂ ಇರಕೂಡದು. ಶಾವೆಲ್ ನಡೆದಾಡುವ ವೇಗ ಹಬ್ಬದ ತೇರಿನದು. ಅದಕ್ಕಾಗಿ ಬಹಳ ಮುಂಚೆಯೇ ಅದನ್ನು ಹಿಂದಕ್ಕೆ ಸರಿಸಿದ್ದರು. ದೂರದ ಆಸರೆಯಲ್ಲಿ ಕುಳಿತು ಮಾಮಾ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿಪುಡಿಯನ್ನು ನನಗೂ ಹಂಚಿದರು. ಹೊಸಪೇಟೆಯ ಹೋಟೆಲಿನಲ್ಲಿ ತಿಂದ ಸಪ್ಪೆ ಊಟಗಳನ್ನೆಲ್ಲ ಆ ಒಂದು ಚಿಟಿಕೆ ಚಟ್ನಿಪುಡಿ ಮರೆಸಿತು. ಸ್ಫೋಟ ನಾನು ನಿರೀಕ್ಷಿಸಿದಂತೆ ಆಕಾಶಕ್ಕೆ ಹಾರಲಿಲ್ಲ. ಬೆಟ್ಟದ ಅಂಚು ಒಮ್ಮೆ ಉಸಿರೆಳೆದುಕೊಂಡಂತೆ ಉಬ್ಬಿ, ಮುಂದಕ್ಕೆ ಕುಸಿದು ಕುಳಿತಿತು. ಹೊಸ ರಾಶಿಗೆ ಬಕೆಟ್ ಹಾಕುವಾಗ ಅತ್ಯಂತ ಎಚ್ಚರ ಬೇಕಂತೆ. ಸಿಡಿಯದೆ ಉಳಿದ ಮದ್ದಿನ ತಂತಿಯ ತುಂಡು ಕಂಡರೂ ಯಂತ್ರ ನಿಲ್ಲಿಸಿ ಬ್ಲಾಸ್ಟರನ್ನು ಕರೆಯಬೇಕು.

ಪಾಳಿ ಮುಗಿಯುವ ಹೊತ್ತಿಗೆ ಮಾಮಾ ಬಕೆಟ್ಟನ್ನು ನೆಲಕ್ಕೆ ಊರಿ ಎಂಜಿನ್ ಆರಿಸಿದರು. ಸಹಾಯಕ ಹುಡುಗ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಬಕೆಟ್ಟಿನ ಉಕ್ಕಿನ ಹಲ್ಲುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ಎಣಿಸತೊಡಗಿದ. ಕಳಚಿದ ಹಲ್ಲೊಂದು ಅದಿರಿನ ಜೊತೆ ಕಲ್ಲು ಪುಡಿಮಾಡುವ ಕ್ರಷರ್ ಸೇರಿದರೆ ಅದರ ದವಡೆಯೇ ಮುರಿಯಬಹುದಾದ್ದರಿಂದ, ಪಾಳಿಯಲ್ಲಿ ಹಲವು ಸಲ ಹೀಗೆ ಎಣಿಸುತ್ತಾರೆ. ಮುಂದಿನ ಪಾಳಿಯ ಆಪರೇಟರ್ ಬುತ್ತಿಚೀಲದೊಂದಿಗೆ ಬಂದು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಎಲ್ಲಾ ಅದಾವ. ಬಲಗಡಿಂದ ಎರಡನೇದು ಸ್ವಲ್ಪ ಅಲುಗ್ತೈತಿ, ನೋಡ್ಕೊಂಡು ಹೊಡಿ" ಎಂದು ಮಾಮಾ ಅವರಿಗೆ ಹೇಳಿ, ಕೋಲುಗಳನ್ನು ಬಟ್ಟೆಯಿಂದ ಒರೆಸಿ ಕೆಳಗಿಳಿದರು.

ಗೇಟಿನಲ್ಲಿ ನಾನು ಬೂಟು ಬಿಚ್ಚಿ, ಒಳಗಿನ ಪತ್ರಿಕೆಯ ಉಂಡೆಯನ್ನೂ ಸೇರಿಸಿ ಹಿಂದಿರುಗಿಸಿದೆ. ಮೂಸಂಬಿಯಷ್ಟಿದ್ದ ಆ ಕಲ್ಲನ್ನು ಒಯ್ಯಬಹುದೇ ಎಂದು ಕೇಳಿದ್ದೆ. ಪರ್ಮಿಟ್ ಇಲ್ಲದೆ ಒಂದು ಕಲ್ಲೂ ಹೊರಗೆ ಹೋಗುವಂತಿಲ್ಲ ಎಂದು ಫೋರ್‌ಮನ್ ನಗುತ್ತಲೇ ಹೇಳಿದರು, ಆದರೆ ಕೊಡಲಿಲ್ಲ.